ಉರಿಯೂತದ ಜೀನ್‌ಗಳು ಮತ್ತು ಸಕ್ಕರೆ ಕಾಯಿಲೆ: 100 ಕೇಸ್, 100 ಕಂಟ್ರೋಲ್ ಸಾಕೇ?

ಹೊಸ_ಓದು
ಎಂಎಸ್ಸಿ ಪ್ರಾಜೆಕ್ಟಿಗೆ ವಿಷಯ ಹೀಗಿದೆ: ಎರಡನೇ ಬಗೆಯ ಮಧುಮೇಹ ಇರುವ 100 ಜನ (ಕೇಸ್), ಇಲ್ಲದ 100 ಜನ (ಕಂಟ್ರೋಲ್). ಎರಡೂ ಗುಂಪಿನಲ್ಲಿ ಉರಿಯೂತದ ಸಂದೇಶ ಒಯ್ಯುವ ಪ್ರೋಟೀನ್‌ಗಳ ಎರಡು ಜೀನ್‌ಗಳಲ್ಲಿ ಒಂದೊಂದು ಅಕ್ಷರ ನೋಡುವುದು: ಟಿಎನ್‌ಎಫ್-ಆಲ್ಫಾ ಜೀನಿನ −308ನೇ ಜಾಗದಲ್ಲಿ ಜಿಯೋ ಎಯೋ (−308 ಜಿ/ಎ), ಐಎಲ್-6 ಜೀನಿನ −174ನೇ ಜಾಗದಲ್ಲಿ ಜಿಯೋ ಸಿಯೋ (−174 ಜಿ/ಸಿ). ವಿಧಾನ: ಆ ಜಾಗದ ಡಿಎನ್‌ಎ ತುಂಡನ್ನು ಪಿಸಿಆರ್‌ನಲ್ಲಿ ಬಹಳ ಪ್ರತಿ ಮಾಡಿ, ನಿರ್ದಿಷ್ಟ ಅಕ್ಷರಸಾಲು ಇದ್ದಲ್ಲಿ ಮಾತ್ರ ಕತ್ತರಿಸುವ ರಿಸ್ಟ್ರಿಕ್ಷನ್ ಎನ್‌ಜೈಮಿನಿಂದ ಕತ್ತರಿಸುವುದು. ಶುರು ಮಾಡುವ ಮೊದಲು ಎಲ್ಲಿ ಎಡವಬಹುದು ಅಂತ ತಿಳಿದವರು ಹೇಳಿ. ಈ ಎರಡೇ ಸಾಕೇ, ಬೇರೆ ಜೀನ್‌ಗಳನ್ನೂ ಸೇರಿಸಬೇಕೇ?

ಕಬಿನಿ_ಜೀವಶಾಸ್ತ್ರ
ಮೊದಲು ಈ ಎರಡು ಜೀನ್‌ಗಳನ್ನೇ ಎಲ್ಲರೂ ಯಾಕೆ ಹಿಡಿದರು ಅನ್ನುವುದು ಸ್ಪಷ್ಟವಾಗಲಿ. 1993ರಲ್ಲಿ ಹೊತಾಮಿಸ್ಲಿಗಿಲ್, ಸ್ಪೀಗೆಲ್‌ಮನ್ ತಂಡ ದಪ್ಪ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಹೆಚ್ಚಾಗಿ ತಯಾರಾಗುವುದನ್ನು ತೋರಿಸಿತು. ಅದನ್ನು ತಡೆದಾಗ ಇನ್ಸುಲಿನ್ ಮತ್ತೆ ಚೆನ್ನಾಗಿ ಕೆಲಸ ಮಾಡಿತು. ಕೊಬ್ಬಿನ ಕೋಶ ಹಿಗ್ಗಿ ಹಿಗ್ಗಿ ಸತ್ತಾಗ ಅದರ ಸುತ್ತ ಮ್ಯಾಕ್ರೋಫೇಜ್‌ಗಳು (ಸತ್ತ ಕೋಶ ತಿನ್ನುವ ರೋಗನಿರೋಧಕ ಕೋಶಗಳು) ಉಂಗುರದ ಹಾಗೆ ಮುತ್ತಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಿರೀಟ ಇಟ್ಟಂತೆ ಕಾಣುತ್ತದೆ. ಟಿಎನ್‌ಎಫ್‌ನ ದೊಡ್ಡ ಪಾಲು ಬರುವುದು ಅವುಗಳಿಂದಲೇ. ಅದು ಪಕ್ಕದ ಕೋಶದಲ್ಲಿ ಜೆಎನ್‌ಕೆ ಅನ್ನುವ ಕೈನೇಸನ್ನು ಎಬ್ಬಿಸುತ್ತದೆ. ಇನ್ಸುಲಿನ್ ಗ್ರಾಹಕದ ಕೆಳಗಿನ ಐಆರ್‌ಎಸ್-1 ಪ್ರೋಟೀನಿಗೆ ಟೈರೋಸಿನ್‌ನಲ್ಲಿ ಬೀಳಬೇಕಾದ ಫಾಸ್ಫೇಟ್ ಸೆರಿನ್‌ನಲ್ಲಿ ಬೀಳುತ್ತದೆ. ಸಂದೇಶ ಅಲ್ಲಿಗೇ ನಿಂತು, ಸಕ್ಕರೆಯನ್ನು ಒಳಗೆ ತರುವ ಗ್ಲೂಟ್-4 ಕೋಶದ ಹೊರಪದರಕ್ಕೆ ಬರುವುದು ಕಡಿಮೆಯಾಗಿ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ಈ ಸರಪಳಿ ಗಟ್ಟಿಯಾದದ್ದು. ಅದರಿಂದ "ಟಿಎನ್‌ಎಫ್ ಹೆಚ್ಚು ಮಾಡುವ ಎ ಅಲೀಲ್ (ಆ ಜಾಗದಲ್ಲಿ ಎ ಅಕ್ಷರ ಇರುವ ಜೀನ್ ರೂಪ) ಇದ್ದವರಿಗೆ ಸಕ್ಕರೆ ಕಾಯಿಲೆ ಹೆಚ್ಚು" ಅನ್ನುವುದಕ್ಕೆ ಜಿಗಿಯುವಾಗ ಕಾಲು ಜಾರುತ್ತದೆ. ಪ್ರಮೋಟರಿನ, ಅಂದರೆ ಜೀನಿನ ಸ್ವಿಚ್ಚಿನ, ಒಂದು ಅಕ್ಷರ ಬದಲಾದರೆ ಆಗುವ ವ್ಯತ್ಯಾಸ ಸಣ್ಣದು. ಸೊಂಟದ ಸುತ್ತ ಬೆಳೆಯುವ ಕೊಬ್ಬು ಮಾಡುವ ವ್ಯತ್ಯಾಸ ಅದಕ್ಕಿಂತ ಬಹಳ ದೊಡ್ಡದು.

ಐಎಲ್-6 −174ರ ಬಗ್ಗೆ ಒಳ್ಳೆಯ ಅಳತೆಗೋಲು ಇದೆ. 2006ರಲ್ಲಿ 21 ಅಧ್ಯಯನಗಳ ಒಬ್ಬೊಬ್ಬರ ದತ್ತಾಂಶವನ್ನೂ ಒಟ್ಟುಗೂಡಿಸಿ, 20,000ಕ್ಕೂ ಹೆಚ್ಚು ಜನರ ಮೇಲೆ ಲೆಕ್ಕ ಹಾಕಿದರು. ಸಿ ಅಲೀಲ್ ಹೊತ್ತವರ ಆಡ್ಸ್ ರೇಶಿಯೋ (ಹೊರದವರಿಗೆ ಹೋಲಿಸಿದ ಮಧುಮೇಹದ ಸಾಧ್ಯತೆ; 1 ಅಂದರೆ ವ್ಯತ್ಯಾಸ ಇಲ್ಲ) 0.91 ಬಂತು. ಅಷ್ಟು ಜನರನ್ನು ಸೇರಿಸಿದ ಮೇಲೆ ಸಿಕ್ಕಿದ್ದು ಇಷ್ಟು. ನಿಮ್ಮ 200 ಜನರಲ್ಲಿ ಏನು ಕಾಣಬಹುದು ಅಂತ ಇದನ್ನಿಟ್ಟುಕೊಂಡು ಯೋಚಿಸಿ.

ಅಂಕಿ_ಧಾರವಾಡ
ಕಬಿನಿಯವರ ಮಾತಿಗೆ ಲೆಕ್ಕ ಹಾಕಿಯೇ ತೋರಿಸುತ್ತೇನೆ. −308ರ ಎ ಅಲೀಲ್ ನಮ್ಮಲ್ಲಿ ಯುರೋಪಿನವರಿಗಿಂತ ಅಪರೂಪ. ಆದರೂ ಧಾರಾಳವಾಗಿ ನೂರಕ್ಕೆ 10 ಅಂತ ಇಟ್ಟುಕೊಳ್ಳೋಣ. ನಿಜವಾದ ಆಡ್ಸ್ ರೇಶಿಯೋ 1.2 ಅಂತಿಟ್ಟುಕೊಂಡರೆ ಕಂಟ್ರೋಲ್‌ಗಳಲ್ಲಿ 10, ಕೇಸ್‌ಗಳಲ್ಲಿ 11.8 ಬರುತ್ತದೆ. ಈ 1.8ರ ಅಂತರವನ್ನು ಪಿ 0.05ಕ್ಕೆ (ನಂಟಿಲ್ಲದಿದ್ದರೂ ಆಕಸ್ಮಿಕವಾಗಿ ಹೀಗೆ ಕಾಣುವ ಸಾಧ್ಯತೆಯ ಮಿತಿ), ಶೇ 80 ಪವರ್‌ನಲ್ಲಿ (ನಿಜವಾದ ಅಂತರ ಇದ್ದರೆ ಅದು ಸಿಗುವ ಸಾಧ್ಯತೆ) ಹಿಡಿಯಲು ಪ್ರತಿ ಗುಂಪಿಗೆ ಸುಮಾರು 2,450 ಜನ ಬೇಕು. ಇಡೀ ಜೀನೋಮ್ ಹುಡುಕುವವರ ಮಿತಿ, ಅಂದರೆ 5×10⁻⁸ ಇಟ್ಟರೆ ಪ್ರತಿ ಗುಂಪಿಗೆ 12,000 ದಾಟುತ್ತದೆ.

ನಿಮ್ಮ 100+100ರಲ್ಲಿ ಪವರ್ ಶೇ 10 ಕೂಡ ಇಲ್ಲ. ಜನ ಇಲ್ಲಿಗೇ ಯೋಚನೆ ನಿಲ್ಲಿಸಿ "ಸರಿ, ನೆಗೆಟಿವ್ ಬರಬಹುದು, ಬಂದರೆ ಬರಲಿ" ಅನ್ನುತ್ತಾರೆ. ಅದಕ್ಕಿಂತ ಕೆಟ್ಟದ್ದು ಪಾಸಿಟಿವ್ ಬರುವುದು. ಈ ಅಳತೆಯ ಅಧ್ಯಯನದಲ್ಲಿ ಪಿ 0.05 ದಾಟಬೇಕಾದರೆ ಆಡ್ಸ್ ರೇಶಿಯೋ 1.7–1.8ರ ಆಸುಪಾಸಿಗಾದರೂ ಬರಲೇಬೇಕು. ನಿಜ 1.2 ಇದ್ದರೂ ನೀವು ಪ್ರಕಟಿಸುವುದು 1.8! ಸಣ್ಣ ಅಧ್ಯಯನದ ಸಿಗ್ನಿಫಿಕೆಂಟ್ ಫಲಿತಾಂಶ ಹುಟ್ಟುವಾಗಲೇ ಉಬ್ಬಿಕೊಂಡಿರುತ್ತದೆ. ಈ ಜೀನ್‌ಗಳ ಬಗ್ಗೆ ಇಪ್ಪತ್ತು ವರ್ಷ ಒಂದು ಪತ್ರಿಕೆಯಲ್ಲಿ ಹೌದು, ಇನ್ನೊಂದರಲ್ಲಿ ಇಲ್ಲ ಅಂತ ಬರುತ್ತಲೇ ಇದ್ದುದಕ್ಕೆ ದೊಡ್ಡ ಕಾರಣ ಇದು.

ಜೀನ್ ಹೆಚ್ಚು ಸೇರಿಸಬೇಕೇ ಅಂತ ಕೇಳಿದ್ದೀರಿ. ಬೇಡ. ಎಂಟು ಜಾಗ ನೋಡಿ, ಡಾಮಿನೆಂಟ್ (ಅಲೀಲಿನ ಒಂದು ಪ್ರತಿ ಸಾಕು), ರಿಸೆಸಿವ್ (ಎರಡೂ ಬೇಕು), ಅಡಿಟಿವ್ (ಪ್ರತಿಯೊಂದಕ್ಕೂ ಪಾಲು) ಮೂರೂ ಮಾದರಿ ಹಾಕಿದರೆ 24 ಪರೀಕ್ಷೆ. ಆಕಸ್ಮಿಕ ಫಲಿತಾಂಶ ತಡೆಯಲು 0.05 ಅನ್ನು 24ರಿಂದ ಭಾಗಿಸಿದರೆ 0.002. ಇರುವ ಚೂರು ಪವರ್ ಕೂಡ ಹೋಗುತ್ತದೆ. ಯಾವ ಮಾದರಿ ಅನ್ನುವುದನ್ನು ದತ್ತಾಂಶ ನೋಡುವ ಮೊದಲೇ ಬರೆದಿಡಿ, ಅದೂ ಅಡಿಟಿವ್ ಒಂದೇ.

ಜೆಲ್_ಪಟ್ಟಿ
ಲೆಕ್ಕ ಅವರು ಹೇಳಿದರು, ಮೇಜಿನ ಮೇಲಿನ ಕೆಲಸ ನಾನು ಹೇಳುತ್ತೇನೆ.

ರಕ್ತ 2–3 ಎಂಎಲ್, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ. ಹಸಿರು ಮುಚ್ಚಳದ್ದು ಬೇಡ, ಹೆಪಾರಿನ್ ಡಿಎನ್‌ಎ ಜೊತೆಗೇ ಬಂದು ಪಿಸಿಆರ್ ಕೆಡಿಸುತ್ತದೆ. ಉಪ್ಪಿನ ವಿಧಾನದಲ್ಲಿ ಡಿಎನ್‌ಎ ತೆಗೆದರೂ ಸಾಕು. ಶುದ್ಧತೆ ಹೇಳುವ 260/280 ಅನುಪಾತ 1.8ರ ಹತ್ತಿರ ಇರಲಿ. 25 ಮೈಕ್ರೋಲೀಟರ್ ಪಿಸಿಆರ್‌ಗೆ 50–100 ನ್ಯಾನೋಗ್ರಾಂ ಡಿಎನ್‌ಎ.

ಟಿಎನ್‌ಎಫ್ −308ರಲ್ಲಿ ಸಹಜವಾಗಿ ಎನ್‌ಕೋ-1 ಎನ್‌ಜೈಮಿಗೆ ಜಾಗ ಇಲ್ಲ. ಫಾರ್ವರ್ಡ್ ಪ್ರೈಮರಿನ (ಪಿಸಿಆರ್ ಶುರು ಮಾಡಿಸುವ ಚಿಕ್ಕ ಡಿಎನ್‌ಎ ತುಂಡು) ತುದಿಯ ಹತ್ತಿರ ಬೇಕೆಂದೇ ಒಂದು ಅಕ್ಷರ ತಪ್ಪಾಗಿ ಇಟ್ಟು ಆ ಜಾಗ ಹುಟ್ಟಿಸುತ್ತಾರೆ. ಚಾಲ್ತಿಯಲ್ಲಿರುವ ಪ್ರೈಮರ್ ಜೋಡಿಯಲ್ಲಿ ಬರುವ ತುಂಡು 107 ಬೇಸ್ ಜೋಡಿ. ಜಿ ಇದ್ದರೆ 87 ಮತ್ತು 20 ಆಗಿ ತುಂಡಾಗುತ್ತದೆ. ಎ ಇದ್ದರೆ 107 ಹಾಗೇ ಉಳಿಯುತ್ತದೆ. 20ರ ತುಂಡು ಕಣ್ಣಿಗೆ ಕಾಣುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಹಾಗಾಗಿ 107 ಮತ್ತು 87 ಅನ್ನು ಬೇರೆ ಮಾಡಿ ಓದುವುದೇ ಇಡೀ ಕೆಲಸ.

ತುಂಡುಗಳನ್ನು ಉದ್ದದ ಪ್ರಕಾರ ಬೇರೆ ಮಾಡುವ ಜೆಲ್ ಶೇ 2ರ ಮಾಮೂಲಿ ಅಗರೋಸ್‌ನದ್ದಾದರೆ ಎರಡೂ ಒಂದಕ್ಕೊಂದು ಅಂಟಿದ ದಪ್ಪ ಪಟ್ಟಿಯಾಗಿ ಕಾಣುತ್ತವೆ. ಶೇ 3.5–4 ಅಗರೋಸ್, ಇಲ್ಲವೇ ಶೇ 8–10 ಪಾಲಿಅಕ್ರಿಲಮೈಡ್ ಜೆಲ್ ಬಳಸಿ. ವೋಲ್ಟೇಜ್ ಹೆಚ್ಚು ಕೊಟ್ಟು ಬೇಗ ಮುಗಿಸಬೇಡಿ, ಜೆಲ್ ಬಿಸಿಯಾಗಿ ಪಟ್ಟಿಗಳು ನಗುಮುಖದ ಹಾಗೆ ಬಾಗುತ್ತವೆ.

ಇನ್ನು ದೊಡ್ಡ ಅಪಾಯ. ಎನ್‌ಜೈಮ್ ಕತ್ತರಿಸದೇ ಬಿಟ್ಟರೂ 107, ಎಎ ಇದ್ದರೂ (ತಂದೆ ತಾಯಿ ಇಬ್ಬರಿಂದಲೂ ಎ ಬಂದಿದ್ದರೂ) 107. ಜೆಲ್ ನೋಡಿ ಬೇರೆ ಮಾಡಲು ಸಾಧ್ಯವೇ ಇಲ್ಲ. ಅರ್ಧ ಕತ್ತರಿಸಿದರೆ ಜಿಜಿ ವ್ಯಕ್ತಿ ಜಿಎ ಆಗಿ ಕಾಣುತ್ತಾನೆ. ಅದಕ್ಕೇ ಪ್ರತಿ ಬ್ಯಾಚಿನಲ್ಲೂ ಸೀಕ್ವೆನ್ಸ್ ಮಾಡಿ ಖಚಿತವಾದ ಒಂದು ಜಿಜಿ ಸ್ಯಾಂಪಲ್ ಇರಲೇಬೇಕು. ಅದರಲ್ಲಿ 107ರ ನೆರಳು ಕಂಡರೂ ಆ ಬ್ಯಾಚ್ ಪೂರ್ತಿ ಮತ್ತೆ ಕತ್ತರಿಸಿ. 10 ಮೈಕ್ರೋಲೀಟರ್ ಪಿಸಿಆರ್ ಉತ್ಪನ್ನಕ್ಕೆ 5 ಯೂನಿಟ್ ಎನ್‌ಜೈಮ್, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಎನ್‌ಜೈಮಿನ ಗ್ಲಿಸರಾಲ್ ಒಟ್ಟು ಪ್ರಮಾಣದ ಶೇ 5 ಮೀರದಿರಲಿ.

ಐಎಲ್-6 −174ಕ್ಕೆ ಎನ್‌ಎಲ್‌ಎ-3. ಇದು ಸಿ ಅಲೀಲನ್ನು ಕತ್ತರಿಸುತ್ತದೆ, ಜಿಯನ್ನು ಬಿಡುತ್ತದೆ. ಈ ಎನ್‌ಜೈಮನ್ನು −80ರಲ್ಲೇ ಇಡಬೇಕು. ಬೇರೆ ಎನ್‌ಜೈಮ್‌ಗಳ ಜೊತೆ −20ರಲ್ಲಿ ಇಟ್ಟು, ತಿಂಗಳುಗಟ್ಟಲೆ ಬಿಟ್ಟು ಬಳಸಿದರೆ ಶಕ್ತಿ ಕುಂದಿರುತ್ತದೆ. ಆಗ ಎಲ್ಲರೂ ಜಿಜಿ ಆಗಿಬಿಡುತ್ತಾರೆ! ನಮ್ಮ ಜನರಲ್ಲಿ ಹೇಗೂ ಜಿಯೇ ಹೆಚ್ಚು ಇರುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ. ಇದಕ್ಕೆ ಒಂದು ಖಚಿತ ಸಿಸಿ ಅಥವಾ ಜಿಸಿ ಸ್ಯಾಂಪಲ್ ಬ್ಯಾಚಿಗೊಂದು ಇಡಿ.

ಹೊಸ_ಓದು
ಧನ್ಯವಾದ ಜೆಲ್_ಪಟ್ಟಿ ಅವರೇ. ಕತ್ತರಿಸುವುದರಲ್ಲಿ ತಪ್ಪಾಗಿದೆಯೇ ಅಂತ ಹಾರ್ಡಿ-ವೈನ್‌ಬರ್ಗ್ ಪರೀಕ್ಷೆಯಲ್ಲಿ (ಅಲೀಲ್ ಪ್ರಮಾಣದಿಂದ ಎಷ್ಟು ಜಿಜಿ, ಜಿಎ, ಎಎ ಬರಬೇಕು ಅನ್ನುವ ಲೆಕ್ಕ) ಗೊತ್ತಾಗುತ್ತದೆ ಅಂತಾರೆ. ಉದಾಹರಣೆಗೆ 200 ಕಂಟ್ರೋಲ್‌ಗಳಲ್ಲಿ ಜಿಜಿ 160, ಜಿಎ 30, ಎಎ 10 ಬಂದರೆ ಹೇಗೆ ಓದಬೇಕು?

ಅಂಕಿ_ಧಾರವಾಡ
ಎ ಅಲೀಲ್ 30+20, ಅಂದರೆ 400ರಲ್ಲಿ 50. ಶೇ 12.5. ಸಮತೋಲನ ಇದ್ದರೆ ನಿರೀಕ್ಷೆ: ಜಿಜಿ 153.1, ಜಿಎ 43.8, ಎಎ 3.1. ಬಂದದ್ದಕ್ಕೂ ನಿರೀಕ್ಷೆಗೂ ಇರುವ ಅಂತರ ಅಳೆಯುವ ಕೈ-ಸ್ಕ್ವೇರ್ ಸುಮಾರು 19.8, ಒಂದು ಡಿಗ್ರಿ ಆಫ್ ಫ್ರೀಡಂ. ಖಂಡಿತ ತಪ್ಪಿದೆ. (ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರುವ ಕಡೆ ಕೈ-ಸ್ಕ್ವೇರ್ ನೆಚ್ಚಬೇಡಿ, ಎಕ್ಸಾಕ್ಟ್ ಪರೀಕ್ಷೆ ಮಾಡಿ. ಇಲ್ಲಿ ಎರಡರಲ್ಲೂ ತೀರ್ಪು ಒಂದೇ.)

ಪಿ ಮೌಲ್ಯಕ್ಕಿಂತ ತಪ್ಪು ಯಾವ ಕಡೆಗೆ ವಾಲಿದೆ ಅನ್ನುವುದು ಮುಖ್ಯ. ಇಲ್ಲಿ ಜಿಎ ಕಡಿಮೆ, ಎಎ ಹೆಚ್ಚು. ಅರೆಬರೆ ಕತ್ತರಿಸಿದ್ದರೆ ಜಿಜಿಗಳು ಜಿಎ ಆಗಿ ಜಿಎ ಹೆಚ್ಚಾಗಬೇಕಿತ್ತು. ಹಾಗಾಗಿ ಕಾರಣ ಅದಲ್ಲ. ಒಂದೋ ಕೆಲವು ಸ್ಯಾಂಪಲ್‌ಗಳಲ್ಲಿ ಎನ್‌ಜೈಮ್ ಪೂರ್ತಿ ಕೈಕೊಟ್ಟಿದೆ, ಅಥವಾ ಡಿಎನ್‌ಎ ಕಳಪೆಯಾಗಿ ಒಂದು ಅಲೀಲ್ ಮಾತ್ರ ಪಿಸಿಆರ್‌ನಲ್ಲಿ ಬೆಳೆದಿದೆ, ಅಥವಾ ಎ ಅಲೀಲ್ ಪ್ರಮಾಣ ಬೇರೆಬೇರೆ ಇರುವ ಎರಡು ಜನಸಮೂಹ ಒಂದೇ ಗುಂಪಿನಲ್ಲಿ ಬೆರೆತಿದೆ. ಆ ಹತ್ತು ಎಎ ಸ್ಯಾಂಪಲ್‌ಗಳನ್ನು ಮೊದಲಿನಿಂದ ಪಿಸಿಆರ್ ಮಾಡಿ, ಎರಡು ಮೂರನ್ನು ಸೀಕ್ವೆನ್ಸಿಂಗಿಗೆ ಕಳಿಸಿ.

ಬೆರೆಯುವ ವಿಷಯ ನಮ್ಮ ನಾಡಿನಲ್ಲಿ ಬಹಳ ದೊಡ್ಡದು. ಒಳಮದುವೆಯಿಂದಾಗಿ ಜಾತಿಯಿಂದ ಜಾತಿಗೆ ಅಲೀಲ್ ಪ್ರಮಾಣ ಬದಲಾಗುತ್ತದೆ. ಥಂಗರಾಜ್, ಲಾಲ್‌ಜಿ ಸಿಂಗ್, ಡೇವಿಡ್ ರೈಕ್ ಮೊದಲಾದವರ 2009ರ ಕೆಲಸದಲ್ಲೇ ಇದು ಚೆನ್ನಾಗಿ ಕಂಡಿದೆ. ಕೇಸ್‌ಗಳನ್ನು ಆಸ್ಪತ್ರೆಯ ಹೊರರೋಗಿ ವಿಭಾಗದಿಂದಲೂ ಕಂಟ್ರೋಲ್‌ಗಳನ್ನು ಕಾಲೇಜಿನ ಸಿಬ್ಬಂದಿಯಿಂದಲೂ ತೆಗೆದರೆ ನೀವು ಅಳೆಯುವುದು ಮಧುಮೇಹವನ್ನಲ್ಲ, ಎರಡು ಕಡೆ ಬರುವ ಜನರ ಹುಟ್ಟುಮೂಲವನ್ನು. ದೊಡ್ಡ ಅಧ್ಯಯನಗಳು ಸಾವಿರಾರು ಜಾಗ ಓದಿ ಪ್ರಿನ್ಸಿಪಲ್ ಕಾಂಪೊನೆಂಟ್ (ಹುಟ್ಟುಮೂಲದ ವ್ಯತ್ಯಾಸ ಹಿಡಿಯುವ ಲೆಕ್ಕ) ಹಾಕಿ ಸರಿಪಡಿಸುತ್ತವೆ. ಎರಡೇ ಜಾಗ ಓದುವ ನಿಮಗೆ ಆ ದಾರಿ ಇಲ್ಲ. ತಂದೆ ತಾಯಿ ಇಬ್ಬರ ಊರು, ಮನೆಮಾತು, ಸಮುದಾಯ ಬರೆದುಕೊಂಡು ಅದರ ಮೇಲೇ ಕೇಸಿಗೂ ಕಂಟ್ರೋಲಿಗೂ ಜೋಡಿ ಹಾಕಿ.

ಡಾಕ್ಟರಮ್ಮ_ತುಮಕೂರು
ಜೀನ್ ಕಡೆ ಇಷ್ಟು ಎಚ್ಚರ ವಹಿಸಿ, ಯಾರು ಕೇಸ್, ಯಾರು ಕಂಟ್ರೋಲ್ ಅನ್ನುವುದನ್ನು ಮಾತ್ರ ಬಾಯಿಮಾತಿಗೆ ಬಿಡುವುದನ್ನು ಬಹಳ ಪ್ರಾಜೆಕ್ಟ್‌ಗಳಲ್ಲಿ ನೋಡುತ್ತೇವೆ.

"ನನಗೆ ಶುಗರ್ ಇಲ್ಲ" ಅಂದವರೆಲ್ಲ ಕಂಟ್ರೋಲ್ ಅಲ್ಲಮ್ಮ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಲೆಕ್ಕದಲ್ಲಿ ದೇಶದ ವಯಸ್ಕರಲ್ಲಿ ಶೇ 11.4 ಜನರಿಗೆ ಮಧುಮೇಹ, ಶೇ 15.3 ಜನರಿಗೆ ಅದರ ಹಿಂದಿನ ಹಂತ. ಹಾಗಿರುವಾಗ ಪರೀಕ್ಷೆ ಮಾಡದೇ ಆರಿಸಿದ 100 ಕಂಟ್ರೋಲ್‌ಗಳಲ್ಲಿ ಎಷ್ಟು ಜನ ತಪ್ಪು ಗುಂಪಿನಲ್ಲಿರುತ್ತಾರೆ ನೋಡಿ. 45 ದಾಟಿದವರನ್ನೇ ತೆಗೆದುಕೊಳ್ಳಿ. 25 ವರ್ಷದ ವಿದ್ಯಾರ್ಥಿಗೆ ಇಂದು ಸಕ್ಕರೆ ಸರಿ ಇರುವುದು ಏನನ್ನೂ ಹೇಳುವುದಿಲ್ಲ. ಸಾಧ್ಯವಾದರೆ 75 ಗ್ರಾಂ ಗ್ಲೂಕೋಸ್ 250–300 ಎಂಎಲ್ ನೀರಿನಲ್ಲಿ, ಐದು ನಿಮಿಷದೊಳಗೆ ಕುಡಿಸಿ, ಎರಡು ಗಂಟೆಗೆ ರಕ್ತ. ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ, ಎರಡು ಗಂಟೆಗೆ 140ಕ್ಕಿಂತ ಕಡಿಮೆ ಇದ್ದವರು ಕಂಟ್ರೋಲ್. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಪರೀಕ್ಷೆ) ಒಂದನ್ನೇ ನಂಬಬೇಡಿ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಸುಳ್ಳಾಗಿ ಏರುತ್ತದೆ, ನಮ್ಮ ಹೆಣ್ಣುಮಕ್ಕಳಲ್ಲಿ ಅದು ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು.

ಕೇಸ್ ಕಡೆಯೂ ಒಂದು ಬಲೆ ಇದೆ. ಟಿಎನ್‌ಎಫ್ ಜೀನ್ ಕೂತಿರುವುದು 6ನೇ ಕ್ರೋಮೋಸೋಮಿನಲ್ಲಿ ರೋಗನಿರೋಧಕ ಜೀನ್‌ಗಳು ಗುಂಪಾಗಿರುವ ಎಚ್‌ಎಲ್‌ಎ ಪ್ರದೇಶದ ಮಧ್ಯೆ. −308 ಎ ಅಲೀಲ್ ಯುರೋಪಿನವರಲ್ಲಿ ಬಿ8-ಡಿಆರ್3 ಎಂಬ ಎಚ್‌ಎಲ್‌ಎ ರೂಪಗಳ ಗೊಂಚಲಿನ ಜೊತೆಗೇ ಬರುತ್ತದೆ. ಡಿಆರ್3 ಮೊದಲನೇ ಬಗೆಯ ಮಧುಮೇಹದ ಅಪಾಯ ಹೆಚ್ಚಿಸುವಂಥದ್ದು. ನಿಮ್ಮ "ಎರಡನೇ ಬಗೆ" ಗುಂಪಿನಲ್ಲಿ ನಿಧಾನಕ್ಕೆ ಶುರುವಾದ ಮೊದಲನೇ ಬಗೆಯವರು ನಾಲ್ಕೈದು ಜನ ನುಸುಳಿದರೂ ಟಿಎನ್‌ಎಫ್‌ಗೂ ಎರಡನೇ ಬಗೆಗೂ ಇಲ್ಲದ ನಂಟು ಹುಟ್ಟಿಬಿಡಬಹುದು. 35ಕ್ಕಿಂತ ಮೊದಲೇ ಕಾಯಿಲೆ ಶುರುವಾದವರು, ಮೊದಲ ವರ್ಷದಲ್ಲೇ ಇನ್ಸುಲಿನ್ ಬೇಕಾದವರು, ತೆಳ್ಳಗಿದ್ದು ತೂಕ ಇಳಿಯುತ್ತಿರುವವರು, ಇವರನ್ನು ಬಿಡಿ, ಇಲ್ಲವೇ ಮೊದಲನೇ ಬಗೆಯ ಗುರುತಾದ ಗ್ಯಾಡ್ ಆ್ಯಂಟಿಬಾಡಿ ಇಲ್ಲ ಅಂತ ನೋಡಿ ಸೇರಿಸಿ.

ಎಲ್ಲರ ಸೊಂಟ ಅಳೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಬಟ್ಟೆಯ ಮೇಲಲ್ಲ. ಸೀರೆ ಉಟ್ಟವರಿಗೆ ನೆರಿಗೆ ಸಡಿಲಿಸಿ ಅಳೆಯಬೇಕು, ಇಲ್ಲದಿದ್ದರೆ ನಾಲ್ಕೈದು ಸೆಂಟಿಮೀಟರ್ ತಪ್ಪುತ್ತದೆ. ನಮ್ಮವರ ಮಿತಿ ಗಂಡಸರಿಗೆ 90, ಹೆಂಗಸರಿಗೆ 80.

ಕಬಿನಿ_ಜೀವಶಾಸ್ತ್ರ
ಡಾಕ್ಟರಮ್ಮ ಸೊಂಟದ ಮಾತು ಎತ್ತಿದ್ದು ಒಳ್ಳೆಯದಾಯಿತು. ಉತ್ತರ ಭಾರತದವರಲ್ಲಿ ಟಿಎನ್‌ಎಫ್ ಮತ್ತು ಅದರ ಪಕ್ಕದ ಎಲ್‌ಟಿಎ ಜೀನ್‌ಗಳ ಪ್ರದೇಶ ನೋಡಿದ 2010ರ ಅಧ್ಯಯನದಲ್ಲಿ ಮಧುಮೇಹದ ಜೊತೆಗಿನ ನಂಟು ಬೊಜ್ಜನ್ನು ಅವಲಂಬಿಸಿತ್ತು. ಜೀವಶಾಸ್ತ್ರಕ್ಕೂ ಇದು ಹೊಂದುತ್ತದೆ. ಮ್ಯಾಕ್ರೋಫೇಜ್ ತುಂಬಿದ ಕೊಬ್ಬು ಇದ್ದಲ್ಲಿ ತಾನೇ ಟಿಎನ್‌ಎಫ್ ಸ್ವಿಚ್ಚಿನ ಸಣ್ಣ ವ್ಯತ್ಯಾಸಕ್ಕೆ ಕೆಲಸ? ಈ ಪ್ರಾಜೆಕ್ಟಿನಲ್ಲೂ ದಪ್ಪ, ತೆಳು ಅಂತ ವಿಂಗಡಿಸಿ ನೋಡಬಹುದಲ್ಲ.

ಅಂಕಿ_ಧಾರವಾಡ
ಕಲ್ಪನೆ ಸರಿ, ಈ ಪ್ರಾಜೆಕ್ಟಿಗೆ ಬೇಡ ಸರ್. ಮುಖ್ಯ ಪರಿಣಾಮದಷ್ಟೇ ದೊಡ್ಡದಾದ ಇಂಟರ್‌ಆ್ಯಕ್ಷನ್ (ಬೊಜ್ಜಿನಿಂದ ಜೀನಿನ ಪರಿಣಾಮ ಬದಲಾಗುವುದು) ಹಿಡಿಯಲು ಸುಮಾರು ನಾಲ್ಕು ಪಟ್ಟು ಜನ ಬೇಕು. 100 ಕೇಸನ್ನು 50-50 ಮಾಡಿದರೆ, ಶೇ 10 ಅಲೀಲಿನಲ್ಲಿ ಪ್ರತಿ ಕೋಣೆಯಲ್ಲಿ ಎ ಹೊತ್ತವರು ಒಂಬತ್ತು ಹತ್ತು ಜನ. ಅದರ ಮೇಲೆ ಏನು ಹೇಳಿದರೂ ಅದು ಗಾಳಿಮಾತು.

ಹೊಸ_ಓದು
ಜೊತೆಗೆ ಎಚ್‌ಎಸ್-ಸಿಆರ್‌ಪಿ (ರಕ್ತದಲ್ಲಿ ಉರಿಯೂತದ ಗುರುತು), ರಕ್ತದ ಐಎಲ್-6 ಮಟ್ಟ ಅಳೆದರೆ "ಜೀನ್‌ನಿಂದ ಉರಿಯೂತ, ಉರಿಯೂತದಿಂದ ಮಧುಮೇಹ" ಅಂತ ತೋರಿಸಬಹುದೇ?

ಕಬಿನಿ_ಜೀವಶಾಸ್ತ್ರ
ಈಗಾಗಲೇ ಕಾಯಿಲೆ ಬಂದವರಲ್ಲಿ ಅಳೆದರೆ ಯಾವುದು ಮೊದಲು ಅಂತ ಹೇಳಲಾಗುವುದಿಲ್ಲ. ಸಕ್ಕರೆ ಏರಿದ್ದರಿಂದಲೂ ಉರಿಯೂತ ಏರುತ್ತದೆ. ಮೆಟ್‌ಫಾರ್ಮಿನ್, ಸ್ಟ್ಯಾಟಿನ್ ತೆಗೆದುಕೊಳ್ಳುವವರಲ್ಲಿ ಸಿಆರ್‌ಪಿ ಇಳಿದಿರುತ್ತದೆ.

ಈ ಗಂಟು ಬಿಡಿಸಲು ಜೀನ್ ನಿಜವಾಗಿ ಉಪಯೋಗಕ್ಕೆ ಬಂದ ಜಾಗ ಒಂದಿದೆ. ಜೀನ್ ಹುಟ್ಟುವಾಗಲೇ ನಿಗದಿಯಾಗಿರುತ್ತದೆ, ಕಾಯಿಲೆ ಬಂದು ಅದನ್ನು ಬದಲಿಸುವುದಿಲ್ಲ. ಸಿಆರ್‌ಪಿ ಜೀನಿನ ಕೆಲವು ರೂಪಗಳು ಜೀವನಪೂರ್ತಿ ಸಿಆರ್‌ಪಿಯನ್ನು ತುಸು ಹೆಚ್ಚಾಗಿಯೇ ಇಡುತ್ತವೆ. ಸಿಆರ್‌ಪಿಯೇ ಮಧುಮೇಹ ತರುವುದಾದರೆ ಅಂಥವರಿಗೆ ಮಧುಮೇಹ ಹೆಚ್ಚಿರಬೇಕು. 2008ರಲ್ಲಿ ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನದ ಜನರಲ್ಲಿ ಹೀಗೆ ನೋಡಿದಾಗ ಹೆಚ್ಚಿರಲಿಲ್ಲ. ಅಂದರೆ ಸಿಆರ್‌ಪಿ ಹೊಗೆ ಮಾತ್ರ, ಬೆಂಕಿ ಅದಕ್ಕಿಂತ ಮೇಲಿನ ಹಂತದಲ್ಲೆಲ್ಲೋ ಇದೆ.

ಐಎಲ್-6 ಗ್ರಾಹಕದ 358ನೇ ಜಾಗದ ರೂಪ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. ಆ ರೂಪ ಇದ್ದವರಲ್ಲಿ ಗ್ರಾಹಕ ಕೋಶದಿಂದ ಕಳಚಿ ರಕ್ತಕ್ಕೆ ಹೆಚ್ಚು ಬರುತ್ತದೆ. ರಕ್ತದಲ್ಲಿ ಐಎಲ್-6 ಅಳೆದರೆ *ಹೆಚ್ಚು*, ಆದರೆ ಸಿಆರ್‌ಪಿ *ಕಡಿಮೆ*, ಹೃದ್ರೋಗವೂ ಕಡಿಮೆ. ಕೋಶದೊಳಗೆ ಹೋಗುವ ಸಂದೇಶವೇ ತಗ್ಗಿರುವುದರಿಂದ ಹೀಗೆ. ಬರೀ ಮಟ್ಟ ಅಳೆದು "ಐಎಲ್-6 ಹೆಚ್ಚು, ಆದ್ದರಿಂದ ಉರಿಯೂತ ಹೆಚ್ಚು" ಅಂತ ಬರೆದರೆ ಪೂರ್ತಿ ತಿರುಗುಮುರುಗು.

ಔಷಧದ ಕಡೆಯಿಂದಲೂ ಉತ್ತರ ಮಿಶ್ರ. 2007ರಲ್ಲಿ 70 ರೋಗಿಗಳಿಗೆ 13 ವಾರ ಐಎಲ್-1 ತಡೆಯುವ ಅನಕಿನ್ರಾ ಕೊಟ್ಟಾಗ ಪ್ಲಾಸಿಬೋ ಗುಂಪಿಗಿಂತ ಎಚ್‌ಬಿಎ1ಸಿ 0.46 ಶೇಕಡಾ ಅಂಕ ಕಡಿಮೆ ಬಂತು. ಆದರೆ 10,061 ಜನರ ಕ್ಯಾಂಟೋಸ್ ಪ್ರಯೋಗದಲ್ಲಿ ಐಎಲ್-1 ಬೀಟಾ ತಡೆದಾಗ ಸಿಆರ್‌ಪಿ ಚೆನ್ನಾಗಿ ಇಳಿದರೂ ಹೊಸದಾಗಿ ಮಧುಮೇಹ ಬರುವುದು ನಿಲ್ಲಲಿಲ್ಲ.

ಜೆಲ್_ಪಟ್ಟಿ
ಆದರೂ ಅಳೆಯಲೇಬೇಕು ಅಂತಿದ್ದರೆ: ಸಿಆರ್‌ಪಿ ಎರಡು ವಾರದ ಅಂತರದಲ್ಲಿ ಎರಡು ಸಲ. ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ನೆಗಡಿಯೋ ಹಲ್ಲಿನ ಸೋಂಕೋ ಇದೆ ಅಂತ ತಿಳಿದು ವಾಸಿಯಾದ ಮೇಲೆ ಮತ್ತೆ ತೆಗೆಯಿರಿ. ಐಎಲ್-6ಗೆ ಎಲ್ಲರ ರಕ್ತವೂ ಬೆಳಗಿನ ಒಂದೇ ಹೊತ್ತಿನಲ್ಲಿ, ತಡಮಾಡದೆ 4 ಡಿಗ್ರಿಯಲ್ಲಿ ಸ್ಪಿನ್, ಸಣ್ಣ ಸಣ್ಣ ಟ್ಯೂಬಿಗೆ ಹಂಚಿ −80ಕ್ಕೆ. ಒಂದು ಟ್ಯೂಬ್ ಒಂದೇ ಸಲ ಕರಗಿಸಿ.

ಮನೆ_ಮಾತು
ನಾನು ಲ್ಯಾಬಿನವಳಲ್ಲ. ತಂದೆ ತಾಯಿ ಇಬ್ಬರಿಗೂ ಶುಗರ್ ಇರುವವರು ಎಂಜಲು ಕಳಿಸಿ ಮಾಡಿಸುವ ಜೀನ್ ಟೆಸ್ಟ್ ಮಾಡಿಸಬೇಕೇ? ಅದರಲ್ಲಿ "ಉರಿಯೂತದ ಜೀನ್: ಹೆಚ್ಚಿನ ಅಪಾಯ" ಅಂತ ಕೆಂಪಕ್ಷರದಲ್ಲಿ ಬರುತ್ತದಂತೆ.

ಡಾಕ್ಟರಮ್ಮ_ತುಮಕೂರು
ಅಕ್ಕಾ, ಆ ಕೆಂಪಕ್ಷರದ ತೂಕ ಎಷ್ಟು ಅಂತ ನೋಡಿ. ಆಡ್ಸ್ ರೇಶಿಯೋ 1.2 ಅಂದರೆ ನೂರು ಜನರಲ್ಲಿ ಹನ್ನೊಂದೂವರೆ ಜನಕ್ಕೆ ಬರುವುದು ಹದಿಮೂರೂವರೆ ಜನಕ್ಕೆ ಬಂದಂತೆ. ಎಲ್ಲರಿಗೂ ತಿಳಿದಿರುವ, ಬಲವಾದ ಟಿಸಿಎಫ್7ಎಲ್2 ಜೀನ್ ಕೂಡ ಪ್ರತಿ ಅಲೀಲಿಗೆ 1.4ರ ಆಸುಪಾಸು, ಅದೂ ಉರಿಯೂತದ್ದಲ್ಲ, ಇನ್ಸುಲಿನ್ ಸ್ರವಿಸುವುದಕ್ಕೆ ಸೇರಿದ್ದು. 2024ರ ದೊಡ್ಡ ವಿಶ್ಲೇಷಣೆಯಲ್ಲಿ 25 ಲಕ್ಷ ಜನರನ್ನು ನೋಡಿ 611 ಜಾಗಗಳು ಸಿಕ್ಕಿವೆ. ಒಂದೊಂದರ ಪಾಲೂ ಚಿಟಿಕೆಯಷ್ಟು.

ಅದಕ್ಕೆ ಬದಲು ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು ನಮ್ಮವರಿಗೆಂದೇ ಮಾಡಿದ ಅಂಕ ಲೆಕ್ಕ ಹಾಕಿ. ವಯಸ್ಸು 35–49 ಇದ್ದರೆ 20, 50 ದಾಟಿದರೆ 30. ಹೆಂಗಸರಿಗೆ ಸೊಂಟ 80–89 ಇದ್ದರೆ 10, 90 ಅಥವಾ ಮೇಲೆ 20 (ಗಂಡಸರಿಗೆ 90–99, 100). ವ್ಯಾಯಾಮವೂ ಇಲ್ಲ, ಮೈಮುರಿಯುವ ಕೆಲಸವೂ ಇಲ್ಲ ಅಂದರೆ 30, ಎರಡರಲ್ಲಿ ಒಂದಿದ್ದರೆ 20. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಅಥವಾ ಹೆಚ್ಚಾದರೆ ಅಪಾಯ ಜಾಸ್ತಿ, ರಕ್ತಪರೀಕ್ಷೆ ಮಾಡಿಸಿ. 40 ವರ್ಷ, ಸೊಂಟ 88, ಕೂತು ಮಾಡುವ ಕೆಲಸ, ತಂದೆ ತಾಯಿ ಇಬ್ಬರಿಗೂ ಶುಗರ್: 20+10+30+20, ಅಂದರೆ 80. ಈ ಕೊನೆಯ 20ರಲ್ಲಿ ಆ 611 ಜಾಗಗಳದ್ದೂ, ಇನ್ನೂ ಗೊತ್ತಾಗದವುಗಳದ್ದೂ ಪಾಲು ಸೇರಿದೆ, ಎಂಜಲು ಕಳಿಸದೆಯೇ. ದಿನಾ ನಡೆಯಲು, ಮೈ ದಣಿಸಲು ಶುರು ಮಾಡಿದರೆ ಆ 30 ಇಳಿಯುತ್ತದೆ. ಭಾರತದಲ್ಲೇ ನಡೆದು 2006ರಲ್ಲಿ ಬಂದ ತಡೆಗಟ್ಟುವ ಅಧ್ಯಯನದಲ್ಲಿ ಊಟ, ನಡಿಗೆಯ ಬದಲಾವಣೆಯಿಂದಲೇ ಹೊಸದಾಗಿ ಮಧುಮೇಹ ಬರುವುದು ಶೇ 28.5ರಷ್ಟು ತಗ್ಗಿತು.

ಹೊಸ_ಓದು
ಎಲ್ಲ ಓದಿದ ಮೇಲೆ ಈ ಪ್ರಾಜೆಕ್ಟೇ ಬಿಡಬೇಕೇನೋ ಅನ್ನಿಸುತ್ತಿದೆ. 200 ಸ್ಯಾಂಪಲ್‌ಗೆ ಮಾತ್ರ ಅನುಮತಿ, ಹಣ ಇರುವುದು.

ಅಂಕಿ_ಧಾರವಾಡ
ಬಿಡಬೇಡಿ, ಪ್ರಶ್ನೆ ಬದಲಿಸಿ. 200 ಜನರಲ್ಲಿ "ಮಧುಮೇಹಕ್ಕೆ ನಂಟಿದೆಯೇ" ಅಂತ ಕೇಳಲಾಗದು. "ನಮ್ಮ ಜಿಲ್ಲೆಯ ಈ ಸಮುದಾಯದಲ್ಲಿ ಈ ಅಲೀಲ್ ಎಷ್ಟಿದೆ" ಅಂತ ಕೇಳಬಹುದು. ಪರೀಕ್ಷೆ ಮಾಡಿ ಆರಿಸಿದ 200 ಕಂಟ್ರೋಲ್‌ಗಳೇ ಇರಲಿ. ಎ ಅಲೀಲ್ ಶೇ 8 ಬಂದರೆ ಶೇ 95 ವಿಶ್ವಾಸದ ಮಿತಿ ಸುಮಾರು 5.3ರಿಂದ 10.7. ಅದನ್ನು ಬೇರೆಬೇರೆ ದೇಶದ ಜನರ ಜೀನೋಮ್ ಓದಿದ 1000 ಜೀನೋಮ್ಸ್ ಯೋಜನೆಯ ತೆಲುಗು, ತಮಿಳು, ಗುಜರಾತಿ ಗುಂಪುಗಳ ಜೊತೆ ಹೋಲಿಸಿ. ಬೆಂಗಳೂರಿನ ಐಐಎಸ್ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದ ಜೀನೋಮ್ ಇಂಡಿಯಾದಲ್ಲಿ 10,000 ಭಾರತೀಯರ ಪೂರ್ತಿ ಜೀನೋಮ್ ಓದಿದ್ದಾರೆ. ನಿಮ್ಮ ಮಾರ್ಗದರ್ಶಕರ ಮೂಲಕ ಅದಕ್ಕೂ ಅರ್ಜಿ ಹಾಕಬಹುದು.

ಹೋಲಿಸುವಾಗ ಒಂದು ಎಚ್ಚರ. ಐಎಲ್-6 −174 ಜಿ/ಸಿ ಜಾಗ. ಡಿಎನ್‌ಎಯ ಒಂದು ಎಳೆಯಲ್ಲಿ ಜಿ ಇದ್ದರೆ ಎದುರು ಎಳೆಯಲ್ಲಿ ಸಿ. ಬೇರೆಯವರು ಯಾವ ಎಳೆಯನ್ನು ಓದಿ ಬರೆದಿದ್ದಾರೆ ಅಂತ ನೋಡದೇ ಸೇರಿಸಿದರೆ ಜಿ ಸಿಯಾಗಿ, ಸಿ ಜಿಯಾಗಿ ಹೋಗುತ್ತದೆ, ಅಕ್ಷರ ನೋಡಿ ಗೊತ್ತಾಗುವುದೂ ಇಲ್ಲ. ಟಿಎನ್‌ಎಫ್‌ನ ಜಿ/ಎಗೆ ಈ ತೊಂದರೆ ಇಲ್ಲ, ಎಳೆ ತಪ್ಪಿದರೆ ಅಲ್ಲಿ ಸಿ/ಟಿ ಅಂತ ಬಂದು ಸಿಕ್ಕಿಬೀಳುತ್ತದೆ.

ಮತ್ತೆ, ಶೇಕಡಾವಾರು ಮಾತ್ರ ಬರೆಯಬೇಡಿ. ಜಿಜಿ ಎಷ್ಟು, ಜಿಎ ಎಷ್ಟು, ಎಎ ಎಷ್ಟು ಅಂತ ಗಂಡು ಹೆಣ್ಣು ಬೇರೆಬೇರೆಯಾಗಿ ಕೋಷ್ಟಕದಲ್ಲಿ ಕೊಡಿ. ಮುಂದೆ ಯಾರೋ 30 ಅಧ್ಯಯನ ಒಟ್ಟು ಮಾಡುವಾಗ ನಿಮ್ಮದೂ ಸೇರುವುದು ಆ ಕೋಷ್ಟಕದಿಂದಲೇ.

ಹೊಸ_ಓದು
ಇದು ಮಾಡಬಹುದು ಸರ್. 200 ಜನ, 45 ದಾಟಿದವರು, ಗ್ಲೂಕೋಸ್ ಪರೀಕ್ಷೆ ಸರಿ ಇದ್ದವರು, ಸೊಂಟದ ಅಳತೆಯ ಸಮೇತ. ಎರಡೇ ಜಾಗ. ತಾಳೆ ನೋಡಲು ಎರಡನೇ ಸಲ ಓದಿಸುವುದಕ್ಕೆ ಅದರಲ್ಲೇ 20 ಸ್ಯಾಂಪಲ್.

ಜೆಲ್_ಪಟ್ಟಿ
ಆ 20 ಸ್ಯಾಂಪಲ್‌ಗೆ ಹೊಸ ನಂಬರ್ ಹಾಕಿ, ಬೇರೆಯವರ ಕೈಯಲ್ಲಿ ಹಾಕಿಸಿ. ಹಳೆಯ ನಂಬರೇ ಇದ್ದರೆ ಮಸುಕು ಪಟ್ಟಿ ಕಂಡಾಗ ಹಿಂದೆ ಏನು ಬರೆದಿದ್ದೆವೋ ಅದೇ ಕಣ್ಣಿಗೆ ಕಾಣುತ್ತದೆ. ಜೆಲ್ ಫೋಟೋವನ್ನು ಇಬ್ಬರು ಒಬ್ಬರಿಗೊಬ್ಬರು ತೋರಿಸದೇ ಓದಿ ಬರೆದು, ಆಮೇಲೆ ಹೋಲಿಸಿ. 20ರಲ್ಲಿ ಎರಡು ಹೊಂದದಿದ್ದರೆ 200ನ್ನೂ ಮತ್ತೆ ಕತ್ತರಿಸುವಷ್ಟು ಎನ್‌ಜೈಮ್ ಈಗಲೇ ಆರ್ಡರ್ ಮಾಡಿ, ಎನ್‌ಎಲ್‌ಎ-3 ಬಂದ ದಿನ ಡಬ್ಬದೊಳಗೆ ಡ್ರೈ ಐಸ್ ಉಳಿದಿದೆಯೇ ಅಂತ ನೋಡಿಯೇ ಸಹಿ ಹಾಕಿ.